ತಂಗಿಯ ಕುರ್ಚಿ

ಸಾಂಡ್ವಿಕ್, ಫೆಬ್ರವರಿ 11, 1963

ಪ್ರೀತಿಯ ಆಸ್ತಾ,

ಪೇಪರಿನಲ್ಲಿ ನಿನ್ನ ಫೋಟೋ ನೋಡಿದೆ. ನೋಡದೆ ಇರಲು ಊರಿನವರು ಎಲ್ಲಿ ಬಿಟ್ಟರು? ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಪ್ರತಿಯನ್ನು ನನ್ನ ಅಡುಗೆಮನೆಯ ಮೇಜಿನ ಮೇಲೆ ಇಟ್ಟು ಹೋದರು. ಒಂದು ತಿಂಗಳಿಗೆ ಮೀನು ಸುತ್ತಲು ಕಾಗದದ ಚಿಂತೆಯಿಲ್ಲ ಎಂದು ನಿನ್ನ ಭಾವ ಲಾರುಸ್ ನಗುತ್ತಿದ್ದಾನೆ. ಪ್ರಮಾಣವಚನ ತೆಗೆದುಕೊಳ್ಳುವಾಗ ಗದ್ದ ಅಷ್ಟು ಮೇಲೆ ಎತ್ತುವ ಅಗತ್ಯವಿತ್ತೇ? ಪಕ್ಕದ ಮನೆಯ ಗುಡ್ನಿಯಂತೂ ಕಣ್ಣೀರು ಹಾಕಿದಳು. "ನಮ್ಮ ಆಸ್ತಾ ಶಾಸಕಿ ಆದ್ಲು ಕಣೇ ಹಲ್ದೋರಾ! ನಿಂಗೆ ಎಷ್ಟು ಖುಷಿ ಆಗಿರ್ಬೇಕು!" ಎಂದಳು. ಆಗಿದೆ ಎಂದೆ. ಇನ್ನೇನು ಹೇಳಲಿ?

ಖುಷಿ ಇಲ್ಲ ಎಂದಲ್ಲ. ಆದರೆ ಸಂತೆಯಲ್ಲಿ, ಚರ್ಚಿನಲ್ಲಿ, ಅಂಚೆ ಕಚೇರಿಯಲ್ಲಿ ನಾನೀಗ ಹಲ್ದೋರಾ ಅಲ್ಲ, "ಆಸ್ತಾಳ ಅಕ್ಕ". ಐವತ್ತೆರಡು ವರ್ಷ ಈ ಊರಲ್ಲಿ ಬಾಳಿದ್ದಕ್ಕೆ ಸಿಕ್ಕಿದ ಬಿರುದು ಇದು.

ಇನ್ನೊಂದು ಸುದ್ದಿ. ನೀನು ರಾಜೀನಾಮೆ ಕೊಟ್ಟ ಮೇಲೆ ಶಾಲಾ ಮಂಡಳಿಯಲ್ಲಿ ನಿನ್ನ ಕುರ್ಚಿ ಖಾಲಿ ಬಿದ್ದಿದೆ. ಮಾರ್ಚ್ ಕೊನೆಗೆ ನಾಮಪತ್ರದ ಗಡುವು. ನೀನು ಯಾರ ಕಡೆ ಬೆರಳು ತೋರಿಸುತ್ತೀಯೋ ಅವರ ಎದುರು ಬೇರೆ ಯಾರೂ ನಿಲ್ಲುವುದಿಲ್ಲ ಎಂಬ ಮಾತಿದೆ. ಯಾರಿಗೆ ಬೇಕಾದರೂ ಸಿಗಲಿ, ನನಗೇನು. ಸುಮ್ಮನೆ ತಿಳಿಸಿದೆ.

ನಿನ್ನ ಅಕ್ಕ,
ಹಲ್ದೋರಾ

*

ವಿನ್ನಿಪೆಗ್, ಫೆಬ್ರವರಿ 19, 1963

ಪ್ರೀತಿಯ ಅಕ್ಕಾ,

ನಿನ್ನ ಪತ್ರ ಬಂದಾಗ ಸಭೆಗೆ ಹೊರಟಿದ್ದೆ. ವಿಧಾನಸಭೆಯ ಮೆಟ್ಟಿಲ ಮೇಲೆ ನಿಂತೇ ಓದಿ ನಕ್ಕೆ. ಕಾವಲಿನವನು ಈ ಹೆಂಗಸಿಗೆ ಏನಾಯಿತೋ ಎನ್ನುವಂತೆ ನೋಡಿದ.

ಇಲ್ಲಿ ಎಲ್ಲ ಭರ್ಜರಿ. ಯಾರಾದರೂ ಚೆನ್ನಾಗಿ ಮಾತಾಡಿದರೆ ಚಪ್ಪಾಳೆ ತಟ್ಟುವುದಿಲ್ಲ, ಎಲ್ಲರೂ ಸೇರಿ ಮೇಜು ಕುಟ್ಟುತ್ತಾರೆ. ನಾನು ನಮ್ಮ ಕಡೆಯ ರಸ್ತೆಯ ಬಗ್ಗೆ ಮಾತಾಡಿದೆ. ಮೇಜು ಕುಟ್ಟಿದರು. ಊಟ, ಚಹಾಕೂಟ, ಭೇಟಿ ಎಂದು ಬಿಡುವೇ ಇಲ್ಲ. ದಿನಾ ಹೊಸ ಹೊಸ ಜನ.

ಶಾಲಾ ಮಂಡಳಿಗೆ ನೀನೇ ಯಾಕೆ ನಿಲ್ಲಬಾರದು? ಆ ಶಾಲೆಯ ಒಲೆ ಎಷ್ಟು ಸೌದೆ ತಿನ್ನುತ್ತದೆ ಎಂಬುದರಿಂದ ಹಿಡಿದು ಯಾವ ಮಗು ಯಾಕೆ ತಡವಾಗಿ ಬರುತ್ತದೆ ಎಂಬುದರವರೆಗೆ ನಿನಗೆ ಗೊತ್ತು. ನಿಲ್ಲು ಅಕ್ಕಾ.

ನಿನ್ನ,
ಆಸ್ತಾ

*

ಸಾಂಡ್ವಿಕ್, ಫೆಬ್ರವರಿ 25, 1963

ಪ್ರೀತಿಯ ಆಸ್ತಾ,

ನಾನೇ? ಶಾಲಾ ಮಂಡಳಿಗೇ? ಚೆನ್ನಾಗಿದೆ! ನನಗೇನು ಗೊತ್ತು ಆ ದೊಡ್ಡ ವಿಷಯ. ಶಾಲೆಯ ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ ಕೇಕು ಬೇಯಿಸಿದ್ದು ನಾನು ಹೌದು. ಮಾಸ್ತರಿಗೆ ನ್ಯುಮೋನಿಯಾ ಆದಾಗ ಇಡೀ ಚಳಿಗಾಲ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟದ್ದೂ ನಾನೇ. ಮಂಡಳಿಯ ಗಂಡಸರು ಚಾವಣಿ ಸೋರುತ್ತಿಲ್ಲ ಎಂದು ವಾದಿಸಿದಾಗ ಏಣಿ ಹತ್ತಿ ತೂತಿನಲ್ಲಿ ಕೈ ತೂರಿಸಿ ತೋರಿಸಿದ್ದೂ ನಾನೇ. ಆದರೆ ಅದೆಲ್ಲ ಒಂದು ಅರ್ಹತೆಯೇ? ಬೇಡಪ್ಪ ಬೇಡ. ನನಗಿಂತ ಬಲ್ಲವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ.

ಲಾರುಸ್ ಹೆಪ್ಪುಗಟ್ಟಿದ ಸರೋವರದಿಂದ ಬಲೆ ಎಳೆದು ಈಗ ತಾನೇ ಬಂದ. ಸಕ್ಕರೆ ಗಡ್ಡೆ ಹಲ್ಲಿನಲ್ಲಿ ಕಚ್ಚಿಕೊಂಡು ಕಾಫಿ ಹೀರುತ್ತಾ ಇದನ್ನು ಇಣುಕಿ ಓದಿದ. "ಸರಿಯಾಗಿ ಬರ್ದಿದೀಯ. ಇನ್ನೊಂದು ಸಲ ಬೇಡ ಅನ್ನು, ಮೂರನೇ ಸಲಕ್ಕೆ ಹೂಂ ಅಂದ್ರಾಯ್ತು" ಎಂದ. ಅವನಿಗೆ ಎಲ್ಲವೂ ತಮಾಷೆ.

ಹಲ್ದೋರಾ

*

ವಿನ್ನಿಪೆಗ್, ಮಾರ್ಚ್ 8, 1963

ಪ್ರೀತಿಯ ಅಕ್ಕಾ,

ಟೈಪು ಮಾಡಿದ ಪತ್ರ ಎಂದು ಬೇಸರ ಮಾಡಿಕೊಳ್ಳಬೇಡ, ಕೈಯಲ್ಲಿ ಬರೆಯುವಷ್ಟು ಹೊತ್ತಿಲ್ಲ. ಇನ್ನೊಮ್ಮೆ ಕೇಳುತ್ತೇನೆ: ನಿಲ್ಲುತ್ತೀಯಾ? ಮನಸ್ಸಿಲ್ಲದಿದ್ದರೆ ಹಾಗೇ ಬರೆ. ಬ್ಯಾಂಕ್ ಮ್ಯಾನೇಜರ್ ಪ್ರಿಂಗಲ್ ಅವರ ಹೆಂಡತಿ ತನಗೆ ಆಸಕ್ತಿ ಇದೆ ಎಂದು ಬರೆದಿದ್ದಾರೆ.

ಆಸ್ತಾ

*

ಸಾಂಡ್ವಿಕ್, ಮಾರ್ಚ್ 13, 1963

ಪ್ರೀತಿಯ ಆಸ್ತಾ,

ನಿನ್ನ ಟೈಪು ಮಾಡಿದ ಪತ್ರ ತಲುಪಿತು. ನನಗೆ ಮನೆಗೆಲಸವೇ ಬೆಟ್ಟದಷ್ಟಿದೆ. ಮಂಡಳಿ ಗಿಂಡಳಿ ನನ್ನಂಥವಳಿಗೆ ಹೇಳಿ ಮಾಡಿಸಿದ್ದಲ್ಲ. ಮಿಸೆಸ್ ಪ್ರಿಂಗಲ್‌ಗೆ ಅಷ್ಟು ಆಸೆಯಿದ್ದರೆ ಅವರೇ ಮಾಡಲಿ ಪಾಪ. ಬಂದು ಎರಡು ವರ್ಷವಾದರೂ ಆಗಿದೆಯಲ್ಲ, ಶಾಲೆ ಯಾವ ಬೀದಿಯಲ್ಲಿದೆ ಎಂದು ಅವರಿಗೆ ಗೊತ್ತಿರಬಹುದು.

ನಿನ್ನ ಉತ್ತರಕ್ಕೆ ಕಾಯುತ್ತೇನೆ. ಗಡುವು ಇಪ್ಪತ್ತೊಂಬತ್ತಕ್ಕೆ.

ಹಲ್ದೋರಾ

*

ವಿನ್ನಿಪೆಗ್, ಏಪ್ರಿಲ್ 2, 1963

ಪ್ರೀತಿಯ ಅಕ್ಕಾ,

ನಿನ್ನ ಇಷ್ಟದಂತೆಯೇ ಆಯಿತು. ಮಿಸೆಸ್ ಪ್ರಿಂಗಲ್ ಹೆಸರನ್ನು ನಾನೇ ಸೂಚಿಸಿದೆ, ಅವಿರೋಧವಾಗಿ ಆಯ್ಕೆಯಾದರು. ನಿನ್ನನ್ನು ಸುಮ್ಮನೆ ಪೀಡಿಸಿದೆನೇನೋ ಅನ್ನಿಸಿತ್ತು. ಈಗ ನೆಮ್ಮದಿಯಾಗಿರು.

ಈಸ್ಟರ್‌ಗೆ ಬರಲು ಆಗುವುದಿಲ್ಲ.

ಆಸ್ತಾ

*

ಸಾಂಡ್ವಿಕ್, ಏಪ್ರಿಲ್ 6, 1963

ಆಸ್ತಾ,

ನೆಮ್ಮದಿಯೇ? ನೆಮ್ಮದಿ!

ನೀನು ಎರಡು ಸಲ ಕೇಳಿದೆ. ಎರಡೇ ಸಲ! ಈ ಊರಲ್ಲಿ ಹುಟ್ಟಿದವಳು ನೀನು. ನಮ್ಮ ಮನೆಗೆ ಪೋಸ್ಟಿನವನು ಬಂದರೂ ಮೂರು ಸಲ "ಕಾಫಿ ಕುಡೀರಿ" ಅನ್ನುತ್ತೇವೆ. ಅವನು ಎರಡು ಸಲ ಬೇಡ ಎಂದು ಮೂರನೆಯ ಸಲ ಕುರ್ಚಿ ಎಳೆದುಕೊಳ್ಳುತ್ತಾನೆ. ಮೊದಲ ಸಲಕ್ಕೇ ಹೂಂ ಎಂದು ತಟ್ಟೆಗೆ ಕೈ ಹಾಕಿದ್ದಕ್ಕೆ ಅಪ್ಪ ನಿನ್ನ ಬೆರಳಿಗೆ ಚಮಚದಿಂದ ಬಾರಿಸಿದ್ದು ಮರೆತುಹೋಯಿತೇ? ಕೇಳಿದ ತಕ್ಷಣ "ಹೂಂ, ಕೊಡು" ಅನ್ನಲು ನಾನೇನು ಬರಗೆಟ್ಟವಳೇ? ಗಡುವಿನ ದಿನದವರೆಗೂ ಅಂಚೆ ಕಚೇರಿಗೆ ಹೋಗಿ ನಿಂತೆ. ಮೂರನೆಯ ಪತ್ರ ಬರುತ್ತದೆ, ಹೂಂ ಎಂದು ಬರೆಯುತ್ತೇನೆ ಎಂದು ನೀಲಿ ಉಡುಪನ್ನು ಇಸ್ತ್ರಿ ಕೂಡ ಮಾಡಿಟ್ಟಿದ್ದೆ. ಸಾಕೇ? ಬಾಯಿ ಬಿಟ್ಟು ಹೇಳಿಸಿಬಿಟ್ಟೆಯಲ್ಲ!

ಮೊನ್ನೆ ಮಿಸೆಸ್ ಪ್ರಿಂಗಲ್ ಅಂಗಡಿಯಲ್ಲಿ ಸಿಕ್ಕಿ, "ಯು ಆರ್ ಸೋ ಕೈಂಡ್, ನಂಗೋಸ್ಕರ ಬಿಟ್ಕೊಟ್ರಂತೆ" ಎಂದಳು. ನನ್ನ ತಂಗಿ ಅವಳಿಗೆ ಹಾಗೆ ಹೇಳಿದ್ದಾಳೆ! ನಿನಗೆ ಎಲ್ಲವೂ ಸಿಕ್ಕಿತು. ಓದು ಸಿಕ್ಕಿತು, ಮೇಷ್ಟ್ರಗಿತ್ತಿ ಕೆಲಸ ಸಿಕ್ಕಿತು, ಮಂಡಳಿ ಸಿಕ್ಕಿತು, ಈಗ ವಿಧಾನಸಭೆ. ನಿನ್ನ ತಟ್ಟೆಯಿಂದ ಜಾರಿ ಬಿದ್ದ ಒಂದು ತುತ್ತು ನನ್ನ ತಟ್ಟೆಗೆ ಬರುವುದರೊಳಗೆ ಅದನ್ನೂ ಎತ್ತಿ ಬ್ಯಾಂಕಿನವಳಿಗೆ ಬಡಿಸಿದೆ.

ಹೊಟ್ಟೆಕಿಚ್ಚು ಎನ್ನುತ್ತೀಯಾ? ಹೌದು. ಧಗಧಗ ಉರಿಯುತ್ತಿದೆ. ಈ ಚಳಿಗೆ ಒಲೆಯೇ ಬೇಡ.

ಹಲ್ದೋರಾ

*

ವಿನ್ನಿಪೆಗ್, ಫೆಬ್ರವರಿ 16, 1964

ಪ್ರೀತಿಯ ಅಕ್ಕಾ,

ಕಳೆದ ಬೇಸಿಗೆ ಅಧಿವೇಶನ ಮುಗಿಸಿ ಊರಿಗೆ ಬಂದ ಮೇಲೆ ನಾವು ಒಂದೇ ಬೀದಿಯಲ್ಲಿದ್ದೆವು. ನಾನು ಬರುವುದು ಕಂಡರೆ ನೀನು ಬಟ್ಟೆ ಒಣಹಾಕುವುದನ್ನು ಅರ್ಧಕ್ಕೇ ಬಿಟ್ಟು ಒಳಗೆ ಹೋಗುತ್ತಿದ್ದೆ. ಕ್ರಿಸ್‌ಮಸ್ಸಿಗೆ ನಿನ್ನ ಏಳು ಪದರದ ಕೇಕು ಲಾರುಸ್ ಭಾವನ ಕೈಯಲ್ಲಿ ಬಂತು, ನೀನು ಬರಲಿಲ್ಲ. ಎದುರಿಗೆ ಆಡಲಾಗದ ಮಾತನ್ನು ಇಷ್ಟು ದೂರದಿಂದ ಬರೆಯುವುದು ಸುಲಭ.

ಕಳೆದ ವರ್ಷ ನಾನು ಬರೆದದ್ದರಲ್ಲಿ ಮುಕ್ಕಾಲು ಪಾಲು ಬಣ್ಣ. ಮೊದಲ ದಿನದ ಚಹಾಕೂಟದಲ್ಲಿ ಒಬ್ಬರು ಕೇಕಿನ ತಟ್ಟೆ ಹಿಡಿದು ಬಂದರು. "ಬೇಡ, ಥ್ಯಾಂಕ್ಸ್" ಎಂದೆ, ನಮ್ಮ ರೂಢಿಯಂತೆ. ತಟ್ಟೆ ಮುಂದಕ್ಕೆ ಹೋಯಿತು, ಮತ್ತೆ ಬರಲಿಲ್ಲ. ಬೆಳಗಿನಿಂದ ಏನೂ ತಿಂದಿರಲಿಲ್ಲ ಅಕ್ಕಾ, ಹಸಿದುಕೊಂಡೇ ಕೂತೆ. ಸಮಿತಿಯಲ್ಲೂ ಅದೇ ಕಥೆ. ಶಿಕ್ಷಣ ಸಮಿತಿಗೆ ಬರುತ್ತೀರಾ ಎಂದರು. "ನನಗಿಂತ ಹಿರಿಯರಿದ್ದಾರಲ್ಲ" ಎಂದೆ. ಸರಿ ಎಂದು ಇನ್ನೊಬ್ಬರ ಹೆಸರು ಬರೆದುಕೊಂಡರು. ಆರು ವರ್ಷ ಶಾಲಾ ಮಂಡಳಿಯಲ್ಲಿದ್ದು ಬಂದವಳನ್ನು ಹೆದ್ದಾರಿ ಸಮಿತಿಗೆ ಹಾಕಿದರು. ರಸ್ತೆ ಭಾಷಣಕ್ಕೆ ಮೇಜು ಕುಟ್ಟಿದ್ದೂ ನನಗಲ್ಲ, ಅದೇ ಹೊತ್ತಿಗೆ ಮುಖ್ಯಮಂತ್ರಿ ಒಳಗೆ ಬಂದಿದ್ದರು.

ಆಮೇಲೆ ನಾನೂ ಕಲಿತೆ. ಇಲ್ಲಿ ಬೇಕು ಎಂದರೆ ಬೇಕು, ಬೇಡ ಎಂದರೆ ಬೇಡ. ನಿನಗೆ ಬರೆಯುವಾಗ ಅದೇ ಬುದ್ಧಿ ಓಡಿತು. ಎರಡನೆಯ ಸಲ ಕೇಳಿದ್ದೇ ದೊಡ್ಡ ಉಪಚಾರ ಅಂದುಕೊಂಡೆ.

ಹೊಟ್ಟೆಕಿಚ್ಚಿನ ಮಾತು ಬರೆದಿದ್ದೆಯಲ್ಲ, ನನ್ನದನ್ನೂ ಕೇಳು. ನೀನು ಬೇಡ ಎಂದರೂ ಬಿಡದೆ ಕೇಳುವ ಊರು ನಿನ್ನ ಸುತ್ತ ಇದೆ. ಇಲ್ಲಿ ನಾನು ಒಂದು ಸಲ ತಲೆ ಅಲ್ಲಾಡಿಸಿದರೆ ಮುಗಿಯಿತು. ಸಂಜೆ ಬಾಡಿಗೆ ಕೋಣೆಯಲ್ಲಿ ಸೂಪು ಬಿಸಿ ಮಾಡಿಕೊಳ್ಳುವಾಗ ನಿನ್ನ ಅಡುಗೆಮನೆಯ ಗದ್ದಲ ನೆನಪಾಗಿ ಹೊಟ್ಟೆ ಉರಿಯುತ್ತದೆ.

ಆದರೂ ಒಂದು ಮಾತು. ಬೇಕು ಅನ್ನಿಸಿದ್ದನ್ನು ಬೇಕು ಎಂದು ಒಂದು ಸಲವಾದರೂ ಹೇಳಿ ನೋಡು. ಅತ್ತು ಕರೆದು ಔತಣ ಹೇಳಿಸಿಕೊಳ್ಳುವುದಕ್ಕಿಂತ ಅದು ವಾಸಿ.

ಆಸ್ತಾ

*

ಸಾಂಡ್ವಿಕ್, ಮಾರ್ಚ್ 22, 1965

ಆಸ್ತಾ,

ನಿನ್ನ ಪತ್ರಕ್ಕೆ ಉತ್ತರ ಬರೆಯಲು ಒಂದು ವರ್ಷ ಹಿಡಿಯಿತು. ಔತಣದ ಗಾದೆ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

ಮ್ಯಾನೇಜರ್ ಪ್ರಿಂಗಲ್‌ಗೆ ವರ್ಗವಾಯಿತು. ಹೆಂಡತಿ ಮಂಡಳಿ ಬಿಟ್ಟು ಗಂಡನ ಹಿಂದೆ ಹೊರಟಳು. ಕುರ್ಚಿ ಮತ್ತೆ ಖಾಲಿ. ಈ ಸಲ ನನ್ನನ್ನು ಯಾರೂ ಕೇಳಲಿಲ್ಲ. ಆವತ್ತು ಬೇಡ ಅಂದಳು, ಈಗಲೂ ಬೇಡ ಅನ್ನುತ್ತಾಳೆ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಹಾಳಾಗಿ ಹೋಗಲಿ ಎಂದು ನೀಲಿ ಉಡುಪು ತೊಟ್ಟು ಮಂಡಳಿಯ ಕಚೇರಿಗೆ ನಡೆದೆ. ಗುಮಾಸ್ತ ಎಗ್ಗರ್ಟ್ ಕನ್ನಡಕ ಮೇಲಕ್ಕೆ ಸರಿಸಿದ.

"ಏನ್ ಹಲ್ದೋರಾ, ಯಾರ್ ಕಳಿಸಿದ್ರು?"

"ಯಾರೂ ಇಲ್ಲ. ನಂಗೆ ಬೇಕು."

"ಏನ್ ಬೇಕು?"

"ಕುರ್ಚಿ ಕಣಯ್ಯಾ! ಮಂಡಳಿ ಕುರ್ಚಿ! ಬರ್ಕೋ."

ಅವನಿಗೆ ನಾಚಿಕೆಯಾಯಿತು, ನನಗಲ್ಲ. ಸುದ್ದಿ ಹೊರಗೆ ಬಂದ ಮೇಲೆ ಗುಡ್ನಿ ಎರಡು ವಾರ ನನ್ನ ಮನೆಯ ಕಡೆ ತಲೆ ಹಾಕಲಿಲ್ಲ. "ಬಾಯ್ಬಿಟ್ಟು ಕೇಳಿದ್ಲಂತೆ, ಛೀ" ಎಂದು ಹೆಂಗಸರ ಸಂಘದಲ್ಲಿ ಮಾತು. ಎದುರಿಗೆ ದೋಣಿ ಕಟ್ಟುವ ವಾಲ್ಡಿ ನಿಂತ. ಅವನನ್ನು ಮೂರು ಸಲ ಕೇಳಿ ನಿಲ್ಲಿಸಿದರಂತೆ. ಆದರೂ ಗೆದ್ದೆ. ಕೂದಲೆಳೆಯಲ್ಲಿ ಗೆದ್ದೆ. ಮತದ ಪೆಟ್ಟಿಗೆಯ ಹತ್ತಿರ ಹೋದಾಗ ನಾಚಿಕೆ ಬಿಟ್ಟವಳಿಗೇ ಹಾಕಿದ್ದಾರೆ ನಮ್ಮ ಜನ.

ಇದಕ್ಕೆ ನಿನ್ನ ಬುದ್ಧಿವಾದ ಕಾರಣ ಎಂದು ಬೀಗಬೇಡ. ನೀನು ಹೇಳದಿದ್ದರೆ ಇನ್ನೂ ಮೊದಲೇ ಮಾಡುತ್ತಿದ್ದೆ.

ಹಲ್ದೋರಾ

*

ವಿನ್ನಿಪೆಗ್, ಮಾರ್ಚ್ 30, 1965

ಅಕ್ಕಾ!

ನನ್ನ ಕುರ್ಚಿಯಲ್ಲಿ ನೀನು! ಓದಿ ಎದ್ದು ನಿಂತೆ. ಆಮೇಲೆ ಮುಖ ಸಣ್ಣಗಾಯಿತು, ಅದನ್ನೂ ಹೇಳಿಬಿಡುತ್ತೇನೆ. ನನಗೆ ಅದು ಅವಿರೋಧವಾಗಿ ಸಿಕ್ಕಿತ್ತು, ನೀನು ಹೋರಾಡಿ ತೆಗೆದುಕೊಂಡೆ. ಜನ ನಿನ್ನದನ್ನೇ ನೆನಪಿಟ್ಟುಕೊಳ್ಳುತ್ತಾರೆ.

ಇಲ್ಲಿ ಹೊಸ ಮಸೂದೆ ಬರುತ್ತಿದೆ. ಸರೋವರದ ದಂಡೆಯ ಒಂದೇ ಕೋಣೆಯ ಶಾಲೆಗಳನ್ನೆಲ್ಲ ಮುಚ್ಚಿ ಮಕ್ಕಳನ್ನು ಬಸ್ಸಿನಲ್ಲಿ ದೂರದ ಪಟ್ಟಣಕ್ಕೆ ಸಾಗಿಸುವುದಂತೆ. ಜನವರಿಯ ಗಾಳಿಯಲ್ಲಿ ಆರು ವರ್ಷದ ಮಗು ಬಸ್ಸಿಗೆ ಕಾಯಬೇಕು! ತರಲು ಹೊರಟಿರುವುದು ನಮ್ಮದೇ ಪಕ್ಷ. ಏನು ಮಾಡಲಿ ಎಂದು ನಿನ್ನನ್ನು ಕೇಳುವುದಿಲ್ಲ. ಏನು ಹೇಳುತ್ತೀಯೋ ಗೊತ್ತಿದೆ.

ಆಸ್ತಾ

*

ವಿನ್ನಿಪೆಗ್, ಏಪ್ರಿಲ್ 14, 1966

ಹಲ್ದೋರಾ,

ಅಕ್ಕ ಎಂದು ಬರೆಯಲು ಕೈ ಬರುತ್ತಿಲ್ಲ.

ಮಸೂದೆಯ ವಿರುದ್ಧ ಎದ್ದು ನಿಂತು ಮತ ಹಾಕಿದ ದಿನದಿಂದ ಪಕ್ಷದವರು ನನ್ನನ್ನು ಊಟದ ಮೇಜಿಗೂ ಕರೆಯುತ್ತಿಲ್ಲ. ಈ ಸಲದ ಚುನಾವಣೆಗೆ ಟಿಕೆಟ್ ಸಿಗುವುದಿಲ್ಲ ಎಂಬ ಗಾಳಿಸುದ್ದಿ ಇತ್ತು, ಅದಕ್ಕೆ ಸಿದ್ಧಳಾಗಿದ್ದೆ. ಆದರೆ ಆ ಟಿಕೆಟ್ ಹಿಡಿದು ಅವರು ಹೋದದ್ದು ನಿನ್ನ ಮನೆಗೆ ಎಂದು ನಿನ್ನೆ ಮೊಗಸಾಲೆಯಲ್ಲಿ ನಗುತ್ತಾ ಹೇಳಿದರು. ಮೂರು ಜನ ಬಂದಿದ್ದರಂತೆ. ಕಾಫಿ ಕೊಟ್ಟೆಯಂತೆ. ಮೂರು ಸಲ ಕೇಳಿದರಂತೆ! ನಮ್ಮೂರಿನ ರೂಢಿ ಅವರಿಗೂ ಯಾರೋ ಹೇಳಿಕೊಟ್ಟಿದ್ದಾರೆ.

ಮೂರನೆಯ ಸಲಕ್ಕೆ ಬೇಡ ಅಂದವರು ಸಾಂಡ್ವಿಕ್‌ನಲ್ಲಿ ಹುಟ್ಟಿಲ್ಲ. ಹಾಗಾಗಿ ನೀನು ಏನು ಹೇಳಿದೆ ಎಂದು ಕೇಳುವ ಅಗತ್ಯವಿಲ್ಲ. ಮಂಡಳಿಯ ಕುರ್ಚಿ ಸಾಲದಾಯಿತು, ಇದೂ ಬೇಕಾಯಿತು. ಆವತ್ತು ನಾನು ನಿನಗೆ ಮೂರನೆಯ ಪತ್ರ ಬರೆಯಲಿಲ್ಲ ಎಂಬುದಕ್ಕೆ ಇದು ಸೇಡೇ?

ಎಂಥ ಹೊಟ್ಟೆಯುರಿ ಗೊತ್ತಾ! ಈ ಮೂರು ವರ್ಷದಲ್ಲಿ ನನ್ನನ್ನು ಯಾರೂ ಒಂದಕ್ಕಿಂತ ಹೆಚ್ಚು ಸಲ ಏನನ್ನೂ ಕೇಳಿಲ್ಲ. ನಿನ್ನನ್ನು ಕೇಳಲು ಕೆಸರು ರಸ್ತೆಯಲ್ಲಿ ಕಾರು ಓಡಿಸಿಕೊಂಡು ಬಂದಿದ್ದಾರೆ.

ಆಸ್ತಾ

*

ಸಾಂಡ್ವಿಕ್, ಏಪ್ರಿಲ್ 17, 1966

ಆಸ್ತಾ,

ಕೂತ್ಕೊಂಡು ಓದು. ಮೆಟ್ಟಿಲ ಮೇಲೆ ನಿಂತು ಓದಬೇಡ.

ಬಂದದ್ದು ನಿಜ, ಮೂರು ಜನ. ಬೂಟಿನ ಕೆಸರನ್ನು ನಾನು ಒರೆಸಿದ ನೆಲಕ್ಕೆ ಮೆತ್ತಿದರು. ನಡುವಿನವನು ಬಾಯಿ ತೆರೆದ: "ನೋಡಿ ಅಮ್ಮಾ, ಅದೇ ಮನೆತನ, ಅದೇ ಮುಖ. ಜನ ಕಣ್ಮುಚ್ಚಿ ಓಟ್ ಹಾಕ್ತಾರೆ. ನಿಮ್ಮ ತಂಗಿಗೆ ಸ್ವಲ್ಪ ಬಾಯಿ ಜಾಸ್ತಿ, ಅದೊಂದೇ ತೊಂದ್ರೆ. ನೀವು ನಿಲ್ಲಿ." ನನ್ನನ್ನು ಬಾಯಿ ಕಡಿಮೆಯವಳು ಎಂದ! ಒಳಗೆ ಬಲೆ ಹೊಲಿಯುತ್ತಿದ್ದ ಲಾರುಸ್‌ಗೆ ಕೆಮ್ಮು ಬಂದು ನಿಲ್ಲಲೇ ಇಲ್ಲ.

ಬೇಡ ಎಂದೆ. ಎರಡನೆಯ ಸಲ ಕೇಳಿದರು. ಬೇಡ ಎಂದೆ. ಮೂರನೆಯ ಸಲ ಕೇಳಿದರು ಆಸ್ತಾ. ಇಡೀ ಜೀವಮಾನದಲ್ಲಿ ಒಂದು ದೊಡ್ಡ ವಿಷಯಕ್ಕೆ ನನ್ನನ್ನು ಮೂರನೆಯ ಸಲ ಕೇಳಿದ್ದು ಅದೇ ಮೊದಲು. ಹೂಂ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಎಷ್ಟು ಬೇಕಾಗಿತ್ತು ಎಂದು ನಿನಗೆ ಹೇಳಿದರೆ ನೀನು ಹೆದರಿಕೊಳ್ಳುತ್ತೀಯ. ಆ ಮೆಟ್ಟಿಲು, ಆ ಫೋಟೋ, "ಹಲ್ದೋರಾಳ ತಂಗಿ" ಎಂದು ನಿನ್ನನ್ನು ಕರೆಯುವುದು, ಎಲ್ಲ ಕಣ್ಣ ಮುಂದೆ ಬಂತು. ಬಾಯಲ್ಲಿ ನೀರೂರಿತು.

ಬೇಡ ಎಂದೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೊಮ್ಮೆ ಕೇಳಬೇಕೋ ಏನೋ ಅವರಿಗೆ ಗೊತ್ತಾಗಲಿಲ್ಲ, ನಾಲ್ಕನೆಯ ಸಲದ ರೂಢಿಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಟೋಪಿ ಹಾಕಿಕೊಂಡು ಹೊರಟರು. ಮೊಗಸಾಲೆಯಲ್ಲಿ ನಗುವವರು ಈ ಭಾಗವನ್ನು ನಿನಗೆ ಹೇಳಲಿಲ್ಲ, ನೋಡು. ನೀನೂ ಕೇಳಲಿಲ್ಲ. ನನ್ನ ಉತ್ತರ ಏನಿರುತ್ತದೆ ಎಂದು ನಿನಗೆ ಗೊತ್ತೇ ಇತ್ತಲ್ಲ, ಪಂಡಿತೆ!

ಅಕ್ಕ ತ್ಯಾಗ ಮಾಡಿದಳು ಎಂದು ಅಳುತ್ತಾ ಕೂರಬೇಡ. ತ್ಯಾಗವೂ ಇಲ್ಲ, ಮಣ್ಣೂ ಇಲ್ಲ. ಅವರು ಹೋದ ಮೇಲೆ ಕಾಫಿ ಕಪ್ಪು ತೊಳೆಯುತ್ತಾ ಗೋಳೋ ಎಂದು ಅತ್ತೆ, ಕೈಗೆ ಬಂದದ್ದು ಹೋಯಿತಲ್ಲ ಎಂದು. ನಿನ್ನ ಮೇಲಿನ ಪ್ರೀತಿಯಿಂದ ಬೇಡ ಎಂದೆ ಅಂದರೆ ಸುಳ್ಳಾಗುತ್ತದೆ. ಆವತ್ತು ನೀನು ಮಸೂದೆಯ ವಿರುದ್ಧ ಎದ್ದು ನಿಂತ ಸುದ್ದಿಯನ್ನು ರೇಡಿಯೋ ವಾರ್ತೆಯಲ್ಲಿ ಕೇಳಿದೆ. ನಮ್ಮ ದಂಡೆಯ ಶಾಲೆಗಳ ಹೆಸರನ್ನು ಒಂದೊಂದಾಗಿ ಹೇಳಿದೆಯಂತೆ. ಕೇಳಿ ನನಗೆ ಬಂದ ಹೊಟ್ಟೆಕಿಚ್ಚು ಅದುವರೆಗೆ ಎಂದೂ ಬಂದಿರಲಿಲ್ಲ. ಕುರ್ಚಿಗೆ ಬಂದದ್ದು, ಫೋಟೋಗೆ ಬಂದದ್ದು ಎಲ್ಲ ಬರೀ ಹೊಗೆ. ಇದು ಬೆಂಕಿ. ನಾನು ಮಂಡಳಿಯಲ್ಲಿ ಕೂತು ಬರಲಿರುವ ಬಸ್ಸಿನ ಹೊತ್ತಿನ ಬಗ್ಗೆ ಜಗಳವಾಡುತ್ತಿದ್ದೆ, ನೀನು ಅಷ್ಟು ಗಂಡಸರ ನಡುವೆ ನಿಂತು ನಿನ್ನ ಅನ್ನಕ್ಕೆ ನೀನೇ ಕಲ್ಲು ಹಾಕಿಕೊಂಡೆ. ಅಂಥದ್ದನ್ನು ಮಾಡಬೇಕಾದವಳು ನಾನಾಗಿದ್ದೆ! ನಾನು!

ಅವರ ಟಿಕೆಟ್ ಹಿಡಿದಿದ್ದರೆ ನಿನ್ನ ಬಾಯಿ ಮುಚ್ಚಿಸಲು ಹೊರಟವರ ಕೈಗೊಂಬೆ ಆಗುತ್ತಿದ್ದೆ, ಅದಕ್ಕೇ ಬೇಡ ಎಂದೆ. ಈಗ ಕೇಳು. ಪಕ್ಷದ ಟಿಕೆಟ್ ಹೋದರೆ ಹೋಗಲಿ. ಸ್ವತಂತ್ರವಾಗಿ ನಿಲ್ಲು. ಲಾರುಸ್ ಟ್ರಕ್ಕಿನಿಂದ ಮೀನಿನ ಪೆಟ್ಟಿಗೆ ಇಳಿಸಿ ತೊಳೆದಿಟ್ಟಿದ್ದಾನೆ. ದಂಡೆಯ ಒಂದೊಂದು ಮನೆಯ ಬಾಗಿಲಿಗೂ ನಾನೇ ನಿನ್ನ ಜೊತೆ ಬರುತ್ತೇನೆ. ಗುಡ್ನಿಯನ್ನೂ ಎಳೆದು ತರುತ್ತೇನೆ, ಅವಳ ಕಣ್ಣೀರು ಮತಕ್ಕೆ ಒಳ್ಳೆಯದು. ಸೋಲುವ ಯೋಚನೆ ತಲೆಯಿಂದ ತೆಗೆದುಹಾಕು. ನೀನು ಸೋತು ಬಂದು ನನ್ನ ಅಡುಗೆಮನೆಯಲ್ಲಿ ಕೂತರೆ, ನಿನ್ನನ್ನು ನೋಡಿ ಪಾಪ ಅನ್ನಿಸುತ್ತದೆ. ನಿನ್ನ ಬಗ್ಗೆ ಪಾಪ ಎಂದುಕೊಂಡು ಬದುಕಲು ನನ್ನಿಂದಾಗದು ಆಸ್ತಾ. ನಿನ್ನನ್ನು ನೋಡಿ ಹೊಟ್ಟೆ ಉರಿದುಕೊಂಡೇ ಇಷ್ಟು ದೂರ ಬಂದವಳು ನಾನು. ಗೆಲ್ಲು. ಗೆದ್ದು, ನನ್ನನ್ನು ಇನ್ನಷ್ಟು ಉರಿಸು.

ನಿನ್ನ ಅಕ್ಕ,
ಹಲ್ದೋರಾ